ಉಣ್ಣಿಯ ಮನೆ ಯಾವುದು?

ಕಾರ್ಕಳದ ಸಮೀಪದ ನಮ್ಮ ಹಿರಿಯರ ಮನೆಯಲ್ಲಿ ಬೇಸಿಗೆಯ ಮಧ್ಯಾಹ್ನಗಳಲ್ಲಿ ತಪ್ಪದೆ ನಡೆಯುತ್ತಿದ್ದ ಕೆಲಸವೊಂದಿತ್ತು. ಊಟವಾದ ಮೇಲೆ ಅಜ್ಜ ಒಂದು ಗೆರಟೆಯಲ್ಲಿ ಸ್ವಲ್ಪ ಸೀಮೆಎಣ್ಣೆ ಹಾಕಿಕೊಂಡು ಚಾವಡಿಯ ಮೆಟ್ಟಿಲ ಮೇಲೆ ಕುಳಿತುಕೊಳ್ಳುವರು. ಕಾಳು ಎಂಬ ನಮ್ಮ ನಾಯಿ, ಕರೆಯುವ ಮೊದಲೇ ಬಂದು, ಅವರ ತೊಡೆಗೆ ತಲೆಯೊರಗಿಸಿ ಮಲಗುವುದು. ಅಜ್ಜ ಅದರ ಕಿವಿಯನ್ನು ಮಗುಚಿ, ಕಾಲ್ಬೆರಳುಗಳ ಸಂದಿಯನ್ನು ಬಿಡಿಸಿ, ಒಂದೊಂದೇ ಉಣ್ಣಿಯನ್ನು ಕಿತ್ತು ಗೆರಟೆಗೆ ಹಾಕುವರು. ಮಕ್ಕಳಾದ ನಾವು ಎಣಿಸುವೆವು. ಒಂದು ದಿನ ಐವತ್ತು, ಮತ್ತೊಂದು ದಿನ ಎಪ್ಪತ್ತು. ಬೆರಳಿನಿಂದ ಜಾರಿದ ಒಂದೆರಡು ಉಣ್ಣಿಗಳು ಮೆಟ್ಟಿಲ ಬಿರುಕಿನಲ್ಲಿ ಮರೆಯಾದರೆ, “ಹೋಗಲಿ, ಎಷ್ಟೆಂದು ಹುಡುಕುವುದು” ಎಂದು ಸುಮ್ಮನಾಗುವರು. ಮರುದಿನ ಮತ್ತೆ ಅದೇ ಗೆರಟೆ, ಅದೇ ಎಣಿಕೆ.

ಆ ವರ್ಷದ ಮಳೆಗಾಲದಲ್ಲಿ ಕಾಳು ಅನ್ನ ಬಿಟ್ಟಿತು. ಎರಡು ವಾರಗಳಲ್ಲಿ ಅದರ ಪಕ್ಕೆಲುಬು ಎಣಿಸುವಂತಾಯಿತು. ಒಂದು ಬೆಳಿಗ್ಗೆ ಮೂಗಿನಿಂದ ರಕ್ತ ಸುರಿಯತೊಡಗಿತು. “ಉಷ್ಣವಾಗಿದೆ” ಎಂದು ಮನೆಯವರು ಎಳನೀರು ಕುಡಿಸಿದರು. ಮೂರನೆಯ ದಿನ ಅದು ಸತ್ತಿತು. ಅಜ್ಜನ ಗೆರಟೆಗೂ ಆ ಮೂಗಿನ ರಕ್ತಕ್ಕೂ ಸಂಬಂಧವಿದ್ದಿತೆಂದು ನಮಗಾರಿಗೂ ಹೊಳೆಯಲಿಲ್ಲ. ಆ ಸಂಬಂಧವನ್ನು ತಿಳಿಯಬೇಕಾದರೆ, ಅಷ್ಟೊಂದು ಶ್ರದ್ಧೆಯಿಂದ ಕಿತ್ತರೂ ಉಣ್ಣಿಗಳು ಏಕೆ ಮುಗಿಯಲಿಲ್ಲ ಎಂಬ ಪ್ರಶ್ನೆಯಿಂದಲೇ ಹೊರಡಬೇಕು.

ಮೊದಲು ಹೆಸರಿನ ವಿಚಾರ. ಈ ಜೀವಿಗೆ ಕನ್ನಡದಲ್ಲಿ ಉಣ್ಣಿ, ಉಣ್ಣೆ, ಉಣುಗು ಎಂಬ ಹೆಸರುಗಳುಂಟು. ‘ಉಣ್ಣು’ ಎಂಬ ಕ್ರಿಯಾಪದವೇ ಇವುಗಳ ಬೇರೆಂದು ತೋರುತ್ತದೆ. ಉಣ್ಣುವುದರ ಹೊರತು ಬೇರೆ ಕಸಬನ್ನೇ ಅರಿಯದ ಪ್ರಾಣಿಗೆ ಅದಕ್ಕಿಂತ ಒಪ್ಪುವ ಹೆಸರು ಸಿಗಲಾರದು. ಕುರಿಯ ಉಣ್ಣೆಯೊಡನೆ ಗೊಂದಲವಾಗದಿರಲೆಂದು ಇಲ್ಲಿ ಉಣ್ಣಿ ಎಂಬ ರೂಪವನ್ನೇ ಬಳಸಿದ್ದೇನೆ.

ಉಣ್ಣಿಯನ್ನು ಹುಳುವೆಂದೂ ಕೀಟವೆಂದೂ ಕರೆಯುವುದು ವಾಡಿಕೆ. ಆದರೆ ಅದು ಕೀಟವಲ್ಲ. ಕೀಟಗಳಿಗೆ ಆರು ಕಾಲು. ಬೆಳೆದ ಉಣ್ಣಿಗೆ ಎಂಟು. ರೆಕ್ಕೆಯಿಲ್ಲ, ಮೀಸೆಯಿಲ್ಲ, ತಲೆ ಎದೆ ಹೊಟ್ಟೆ ಎಂಬ ಸ್ಪಷ್ಟ ವಿಭಾಗವೂ ಇಲ್ಲ. ಅದು ಜೇಡ, ಚೇಳುಗಳ ಬಳಗಕ್ಕೆ ಸೇರಿದುದು. ಜಿಗಿಯುವ ಚಿಗಟಕ್ಕೂ ಇದಕ್ಕೂ ನಂಟಿಲ್ಲ. ಉಣ್ಣಿ ಜಿಗಿಯಲಾರದು, ಹಾರಲಾರದು, ತೆವಳಬಲ್ಲದು ಅಷ್ಟೆ.

ನಮ್ಮ ಊರಿನ ಸಾಕುನಾಯಿಗಳ ಮೇಲೆ ಸಾಮಾನ್ಯವಾಗಿ ಕಾಣುವುದು ಕಂದು ಬಣ್ಣದ ನಾಯಿ ಉಣ್ಣಿ. ಇದಕ್ಕೆ 1806ರಲ್ಲಿ ಲಾತ್ರೇಯ್ ಎಂಬ ಫ್ರೆಂಚ್ ಪ್ರಾಣಿಶಾಸ್ತ್ರಜ್ಞನು ಕೊಟ್ಟ ಹೆಸರು ಇಂದು ರೈಪಿಸೆಫಾಲಸ್ ಸ್ಯಾಂಗ್ವಿನಿಯಸ್ ಎಂಬ ರೂಪದಲ್ಲಿ ಬಳಕೆಯಲ್ಲಿದೆ. ಉಷ್ಣವಲಯದ ವಂಶವನ್ನು ಬೇರೆಯೇ ಜಾತಿಯೆಂದು ಎಣಿಸಿ ರೈಪಿಸೆಫಾಲಸ್ ಲಿನ್ನೇಯಿ ಎಂದು ಕರೆಯುವ ರೂಢಿಯೂ ಈಚೆಗೆ ಬಂದಿದೆ. ಹೆಸರು ಯಾವುದಾದರೇನು, ನಾಯಿಯಿರುವ ಬೆಚ್ಚನೆಯ ನಾಡುಗಳಲ್ಲೆಲ್ಲ ಇದು ಇದ್ದೇ ಇದೆ.

ಇದರ ಬಾಯಿ ನೋಡತಕ್ಕ ವಸ್ತು. ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ, ಮುಂದಕ್ಕೆ ಚಾಚಿದ ಒಂದು ಚುಂಚೂ ಅದರ ಮೈತುಂಬ ಹಿಂದಕ್ಕೆ ಬಾಗಿದ ಹಲ್ಲುಗಳೂ ಕಾಣುವುವು. ಗಾಳದ ಮುಳ್ಳಿನಂತೆ ಈ ಹಲ್ಲುಗಳು ಒಳಹೋಗುವುದಕ್ಕೆ ಸುಲಭ, ಹೊರಬರುವುದಕ್ಕೆ ಕಷ್ಟ. ಅದು ಸಾಲದೆಂದು ಉಣ್ಣಿಯು ತನ್ನ ಜೊಲ್ಲಿನಿಂದ ಒಂದು ಬಗೆಯ ಸಿಮೆಂಟನ್ನು ಸ್ರವಿಸಿ ಚುಂಚಿನ ಸುತ್ತ ಗಾರೆ ಹಾಕಿಕೊಳ್ಳುವುದು. ಆ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ದ್ರವ್ಯಗಳೂ, ನೋವು ತುರಿಕೆಗಳನ್ನು ಅಡಗಿಸುವ ದ್ರವ್ಯಗಳೂ ಇವೆ. ಆದುದರಿಂದಲೇ ಸೊಳ್ಳೆ ಕಚ್ಚಿದಾಗ ಮೈ ಕೊಡಹುವ ನಾಯಿ, ಉಣ್ಣಿ ವಾರವಿಡೀ ಕಚ್ಚಿಕೊಂಡಿದ್ದರೂ ಸುಮ್ಮನೆ ನಿದ್ರಿಸುವುದು.

ಇನ್ನೊಂದು ಸಂಗತಿಯನ್ನು ಇಲ್ಲಿ ಗಮನಿಸಬೇಕು. ರಕ್ತದ ಬಹುಭಾಗ ನೀರು. ಉಣ್ಣಿಗೆ ಬೇಕಾದುದು ಅದರ ಸಾರ. ಹೀಗಾಗಿ ಅದು ಕುಡಿದ ರಕ್ತವನ್ನು ಒಳಗೆ ಬತ್ತಿಸಿ, ಹೆಚ್ಚಾದ ನೀರನ್ನು ಜೊಲ್ಲಿನ ಮೂಲಕ ನಾಯಿಯ ಮೈಗೇ ಮತ್ತೆ ಉಗುಳುತ್ತಿರುವುದು. ಹೀರುವುದು, ಉಗುಳುವುದು, ಮತ್ತೆ ಹೀರುವುದು. ರೋಗಾಣುಗಳು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ದಾಟುವುದಕ್ಕೆ ಇದಕ್ಕಿಂತ ಅನುಕೂಲವಾದ ಸೇತುವೆಯನ್ನು ಕಲ್ಪಿಸಿಕೊಳ್ಳುವುದು ಕಷ್ಟ.

ಹಸಿದಿರುವಾಗ ಹೆಣ್ಣು ಉಣ್ಣಿಯ ಉದ್ದ ಸುಮಾರು 3 ಮಿಲಿಮೀಟರು, ಎಳ್ಳುಕಾಳಿನಷ್ಟು. ಹೊಟ್ಟೆ ತುಂಬಿದಾಗ 11–12 ಮಿಲಿಮೀಟರು. ಬಣ್ಣವೂ ಕಂದಿನಿಂದ ಬೂದಿಗೆ ತಿರುಗಿ, ಹಣ್ಣಾದ ನೇರಳೆಗೆ ಬೂದಿ ಬಳಿದಂತೆ ಕಾಣುವುದು. ಹೀಗೆ ಊದಿಕೊಂಡವು ಬೇರೆ ಜಾತಿಯೆಂದು ಹಲವರು ತಿಳಿದಿರುವರು. ಅಲ್ಲ, ಅವು ತಾಯಂದಿರು. ಅವುಗಳ ಪಕ್ಕದಲ್ಲೇ ಚಪ್ಪಟೆಯಾಗಿ ಅಂಟಿಕೊಂಡಿರುವ ಸಣ್ಣ ಕಂದು ಉಣ್ಣಿ ಗಂಡು. ಅದು ಸ್ವಲ್ಪವೇ ಉಣ್ಣುವುದು. ಹೆಣ್ಣುಗಳನ್ನು ಹುಡುಕುತ್ತ ನಾಯಿಯ ಮೈಮೇಲೆ ತಿರುಗುವುದೇ ಅದರ ಕೆಲಸ.

ಮುಂದೇನಾಗುವುದೆಂದು ತಿಳಿಯಲು ಪುಸ್ತಕವೇ ಬೇಕೆಂದಿಲ್ಲ. ವಿದ್ಯಾರ್ಥಿಗಳು ತಮ್ಮ ಅಧ್ಯಾಪಕರ ಎದುರಿನಲ್ಲಿ ಮಾಡಬಹುದಾದ ಒಂದು ವೀಕ್ಷಣೆಯಿದೆ. ಹೊಟ್ಟೆ ತುಂಬಿ ಊದಿದ ಒಂದೇ ಒಂದು ಉಣ್ಣಿಯನ್ನು ಚಿಮಟಿಗೆಯಿಂದ ಹಿಡಿದು ಸಣ್ಣ ಗಾಜಿನ ಸೀಸೆಗೆ ಹಾಕಿರಿ. ಸೀಸೆಯ ಬಾಯಿಗೆ ಒತ್ತಾದ ನೇಯ್ಗೆಯ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಬಿಗಿಯಾಗಿ ಕಟ್ಟಿ, ಸೀಸೆಯನ್ನು ಸಾಬೂನುನೀರಿನ ತಟ್ಟೆಯ ನಡುವೆ ನಿಲ್ಲಿಸಿರಿ. ಕೆಲವು ದಿನ ಏನೂ ನಡೆಯದು. ಆಮೇಲೆ ತಾಯಿಯ ಬಾಯಿಯ ಬಳಿ ಕಂದು ಬಣ್ಣದ, ಸಾಸಿವೆಗಿಂತಲೂ ಸಣ್ಣದಾದ ತತ್ತಿಗಳು ಒಂದೊಂದಾಗಿ ಬಂದು ರಾಶಿ ಬೀಳತೊಡಗುವುವು. ಎರಡು ಮೂರು ವಾರ ಈ ಕೆಲಸ ನಡೆದು, ತತ್ತಿಯ ರಾಶಿ ತಾಯಿಗಿಂತಲೂ ದೊಡ್ಡದಾಗಿ ಕಾಣುವುದು. ತಾಯಿ ಸುಕ್ಕಿ ಸಾಯುವುದು. ಒಂದು ತಾಯಿ ಎರಡರಿಂದ ನಾಲ್ಕು ಸಾವಿರದವರೆಗೆ ತತ್ತಿಯಿಡುವುದು ಸಾಮಾನ್ಯ; ಚೆನ್ನಾಗಿ ಉಂಡದ್ದು ಅದಕ್ಕೂ ಹೆಚ್ಚು ಇಟ್ಟೀತು. ತತ್ತಿ ಒಡೆಯುವ ಮೊದಲೇ, ಎಂದರೆ ಎರಡು ವಾರದೊಳಗೆ, ಸೀಸೆಗೆ ಕುದಿಯುವ ನೀರು ಸುರಿದು ವೀಕ್ಷಣೆಯನ್ನು ಮುಗಿಸಬೇಕು. ಇದರಲ್ಲಿ ಸೋಮಾರಿತನ ಕೂಡದು. ಮರಿಗಳು ನೂಲಿನ ಎಳೆಗಳ ನಡುವೆ ನುಸುಳುವಷ್ಟು ಸಣ್ಣವು.

ಅಜ್ಜನ ಬೆರಳಿನಿಂದ ಜಾರಿ ಬಿರುಕು ಸೇರಿದ “ಒಂದೆರಡು” ಉಣ್ಣಿಗಳ ಬೆಲೆ ಈಗ ತಿಳಿಯಿತಷ್ಟೆ. ಸುಲಭವಾಗಿ ಕೈಜಾರುವವು ಹೊಟ್ಟೆ ತುಂಬಿದವು. ಅವು ನಾಯಿಯನ್ನು ಬಿಡಲು ತಾವೇ ಸಿದ್ಧವಾಗಿರುವುವು. ಒಂದು ಲೆಕ್ಕ ಹಾಕೋಣ. ಒಂದು ತಾಯಿಯ ಮೂರು ಸಾವಿರ ತತ್ತಿಗಳಲ್ಲಿ ನೂರಕ್ಕೆ ಒಂದು ಮಾತ್ರ ಬದುಕಿ ಪ್ರಾಯಕ್ಕೆ ಬಂದಿತೆಂದು ಊಹಿಸಿದರೂ ಮೂವತ್ತು ಉಣ್ಣಿಗಳಾದುವು. ಅವುಗಳಲ್ಲಿ ಹದಿನೈದು ಹೆಣ್ಣೆಂದರೆ ಮುಂದಿನ ತಲೆಮಾರಿನ ತತ್ತಿಗಳು ನಲವತ್ತೈದು ಸಾವಿರ. ಅಜ್ಜ ದಿನಕ್ಕೆ ಎಪ್ಪತ್ತು ಕಿತ್ತರೆ ಈ ಲೆಕ್ಕ ಹೇಗೆ ಸರಿಹೋದೀತು?

ತತ್ತಿಗಳು ಎರಡರಿಂದ ಐದು ವಾರಗಳಲ್ಲಿ ಒಡೆಯುವುವು. ಹೊರಬಂದ ಮರಿಗೆ ಆರೇ ಕಾಲು. ಅದು ಹೇಗಾದರೂ ನಾಯಿಯನ್ನೇರಿ ಮೂರರಿಂದ ಏಳು ದಿನ ರಕ್ತ ಹೀರಿ ಕೆಳಕ್ಕೆ ಬೀಳುವುದು. ಗೋಡೆಯ ಸಂದಿನಲ್ಲಿ ಎರಡು ವಾರ ಅಡಗಿದ್ದು, ಪೊರೆ ಕಳಚಿ, ಎಂಟು ಕಾಲಿನ ಎಳೆಯುಣ್ಣಿಯಾಗಿ ಮತ್ತೆ ನಾಯಿಯನ್ನು ಹುಡುಕುವುದು. ಈ ಸಲ ಐದರಿಂದ ಹತ್ತು ದಿನದ ಊಟ. ಮತ್ತೆ ಬೀಳುವುದು, ಮತ್ತೆ ಎರಡು ವಾರ ಸಂದಿವಾಸ, ಮತ್ತೆ ಪೊರೆ. ಈಗ ಅದು ಪ್ರಾಯದ ಉಣ್ಣಿ. ಮೂರನೆಯ ಸಲ ನಾಯಿಯನ್ನೇರಿದ ಹೆಣ್ಣು ಒಂದರಿಂದ ಮೂರು ವಾರ ಉಂಡು ಕೊನೆಯ ಬಾರಿಗೆ ಬೀಳುವುದು. ಎಲ್ಲವೂ ಕೂಡಿಬಂದರೆ ಈ ಇಡೀ ನಾಟಕ ಎರಡು, ಎರಡೂವರೆ ತಿಂಗಳಲ್ಲಿ ಮುಗಿಯುವುದು. ಅದರಲ್ಲಿ ನಾಯಿಯ ಮೈಮೇಲೆ ಕಳೆದುದು ಎಷ್ಟು? ಮೂರು ಊಟಗಳಿಗೆ ಒಟ್ಟು ಸುಮಾರು ಮೂರು ವಾರ. ಉಳಿದುದೆಲ್ಲ ಬೇರೆಡೆ. ಇದು ಅತ್ಯಂತ ವೇಗದ ಬದುಕಿನ ಲೆಕ್ಕ. ನಾಯಿ ಸುಲಭವಾಗಿ ಸಿಕ್ಕದಿದ್ದರೆ ಸಂದಿಯ ಕಾಲ ಮತ್ತಷ್ಟು ಹಿಗ್ಗುವುದು. ಪ್ರಾಯದ ಉಣ್ಣಿ ಊಟವಿಲ್ಲದೆ ಒಂದೂವರೆ ವರ್ಷದವರೆಗೂ ಜೀವ ಹಿಡಿದಿರಬಲ್ಲದು.

ಎಂದರೆ, ನಾಯಿಯು ಉಣ್ಣಿಯ ಮನೆಯಲ್ಲ. ಅದರ ಊಟದ ಮನೆ. ಉಣ್ಣಿಯ ಮನೆ ನಮ್ಮ ಮನೆಯೇ.

ನಮ್ಮ ಜಿಲ್ಲೆಯ ಮನೆಗಳು ಈ ಬಾಡಿಗೆದಾರನಿಗೆ ಎಷ್ಟು ಹೊಂದುವುವೆಂಬುದು ಸ್ವಾರಸ್ಯವಾದ ವಿಷಯ. ಉಡುಪಿ ಮಣಿಪಾಲಗಳ ಸುತ್ತಿನ ನೆಲವೆಲ್ಲ ಕೆಂಪು ಮುರಕಲ್ಲು. ಫ್ರಾನ್ಸಿಸ್ ಬುಕಾನನ್ ಎಂಬ ಪ್ರವಾಸಿ ಮಲಬಾರಿನ ಅಂಗಡಿಪುರದಲ್ಲಿ ಈ ಕಲ್ಲನ್ನು ಕಂಡು, ಇಟ್ಟಿಗೆಯೆಂಬರ್ಥದ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂದು ಕರೆದುದು 1807ರಲ್ಲಿ ಪ್ರಕಟವಾಯಿತು. ಅಗೆಯುವಾಗ ಮೆತ್ತಗಿದ್ದು, ಗಾಳಿಗೆ ಗಟ್ಟಿಯಾಗುವ ಈ ಕಲ್ಲಿನ ಮೈಯೆಲ್ಲ ಜೇನುಗೂಡಿನಂತೆ ತೂತು. ಗಿಲಾವು ಮಾಡದ ಮುರಕಲ್ಲಿನ ಪಾಗಾರವನ್ನೊಮ್ಮೆ ಹತ್ತಿರದಿಂದ ನೋಡಿರಿ: ಎಳ್ಳುಕಾಳಿನಷ್ಟು ಗಾತ್ರದ ಪ್ರಾಣಿಗೆ ಅಲ್ಲಿ ಲಕ್ಷಾಂತರ ಕೋಣೆಗಳಿವೆ. ಈ ಉಣ್ಣಿಗೆ ಮೇಲಕ್ಕೇರುವ ಸ್ವಭಾವವೂ ಉಂಟು. ನಾಯಿಯಿಂದ ಬಿದ್ದದ್ದು ನೆಲದಲ್ಲಿ ಉಳಿಯದೆ ಗೋಡೆ ಹತ್ತಿ, ಹಂಚಿನ ಮಾಡಿನ ರೀಪು ಪಕ್ಕಾಸುಗಳ ಸಂದು, ಬಾಗಿಲ ದಾರಂದ, ಗೋಡೆಗೆ ತೂಗಿದ ಪಟದ ಹಿಂಬದಿ, ಎಲ್ಲಿ ಬೇಕಾದರೂ ಸೇರೀತು. ಗುಡಿಸಿ ಸಾರಿಸಿದ ನೆಲವನ್ನು ನೋಡಿ “ನಮ್ಮಲ್ಲಿ ಉಣ್ಣಿಯೇ ಇಲ್ಲ” ಎನ್ನುವವರು ಒಮ್ಮೆ ತಲೆಯೆತ್ತಿ ನೋಡುವುದು ಒಳ್ಳೆಯದು.

ಕಾರ್ಕಳದಲ್ಲಿ 1432ರಲ್ಲಿ ನಿಲ್ಲಿಸಿದ ಗೊಮ್ಮಟನ ಗುಡ್ಡದ ನಯವಾದ ಬಂಡೆಯಲ್ಲಿ ಉಣ್ಣಿಗೆ ಅಡಗಲು ಎಡೆಯಿಲ್ಲ. ಆದರೆ ಗುಡ್ಡದಿಂದಿಳಿದರೆ ಅಲ್ಲಿಯೂ ಮುರಕಲ್ಲಿನ ಮನೆಗಳೇ. ಕಾಪುವಿನ ಕಡಲತೀರದವರು ನಾಯಿಯನ್ನು ಸಮುದ್ರದಲ್ಲಿ ಮೀಯಿಸಿದರೆ ಉಪ್ಪುನೀರಿಗೆ ಉಣ್ಣಿ ಸಾಯುವುದೆಂದು ನಂಬುವುದುಂಟು. ಕಚ್ಚಿಕೊಂಡಿರುವ ಉಣ್ಣಿ ಅಷ್ಟಕ್ಕೆಲ್ಲ ಜಗ್ಗುವುದಲ್ಲ. ನೀರಿನಲ್ಲಿ ಗಂಟೆಗಟ್ಟಲೆ ಮುಳುಗಿದ್ದರೂ ಬದುಕುವ ಶಕ್ತಿ ಅದಕ್ಕಿದೆ. ನಾಯಿಗೆ ಸ್ನಾನದ ಸಂತೋಷವಾಗುವುದು, ಅದೂ ಒಳ್ಳೆಯದೇ.

ಕರಾವಳಿಯ ತೇವದ ಗಾಳಿಯೂ ಉಣ್ಣಿಗೆ ಸಹಾಯಕ. ಉಣ್ಣಿ ನೀರು ಕುಡಿಯಲು ಎಲ್ಲಿಗೂ ಹೋಗುವುದಿಲ್ಲ. ಅದು ಬಾಯಿಯ ಬಳಿ ಉಪ್ಪಿನಂಶವುಳ್ಳ ಜೊಲ್ಲನ್ನು ಸ್ರವಿಸುವುದು. ಮಳೆಗಾಲದಲ್ಲಿ ಮನೆಯ ಉಪ್ಪಿನ ಮರಿಗೆ ನೀರೂರುವಂತೆ ಆ ಜೊಲ್ಲು ಗಾಳಿಯ ತೇವವನ್ನು ಎಳೆದುಕೊಳ್ಳುವುದು. ಅದನ್ನೇ ಉಣ್ಣಿ ಮತ್ತೆ ನುಂಗುವುದು. ಹೀಗೆ ಗಾಳಿಯನ್ನೇ ಕುಡಿದು ಅದು ತಿಂಗಳುಗಟ್ಟಲೆ ಕಾಯುವುದು.

ನಮ್ಮ ಕಡೆ ಮುಂಬಯಿಯಲ್ಲಿ ನೆಲೆಸಿದವರ ಬೀಗ ಹಾಕಿದ ಮನೆಗಳು ಊರೂರಿಗೆ ಇವೆ. ವರ್ಷಕ್ಕೊಮ್ಮೆ ಬೇಸಿಗೆಯ ರಜೆಯಲ್ಲೋ ಭೂತದ ಕೋಲಕ್ಕೋ ಬಂದು ಬಾಗಿಲು ತೆರೆದ ಮನೆಯವರು, ನಾಯಿಯೇ ಇಲ್ಲದ ಮನೆಯಲ್ಲಿ ಉಣ್ಣಿಗಳು ಗೋಡೆಯಿಂದಿಳಿದು ಬರುವುದನ್ನು ಕಂಡು ಬೆರಗಾಗುವರು. ಬೆರಗೇನೂ ಇಲ್ಲ. ಹಿಂದೊಮ್ಮೆ ಆ ಜಗಲಿಯಲ್ಲಿ ಬೀದಿನಾಯಿ ಮರಿಹಾಕಿದ್ದಿರಬಹುದು. ಉಣ್ಣಿಯ ಮುಂಗಾಲುಗಳ ತುದಿಯಲ್ಲಿ ಹಾಲರ್ ಎಂಬ ವಿಜ್ಞಾನಿ 1881ರಲ್ಲಿ ವರ್ಣಿಸಿದ ಒಂದು ಸೂಕ್ಷ್ಮ ಗುಳಿಯುಂಟು. ನಾವು ಉಸಿರಿನೊಡನೆ ಹೊರಬಿಡುವ ಇಂಗಾಲದ ಡೈಆಕ್ಸೈಡು, ಮೈಯ ಬಿಸಿ, ವಾಸನೆ, ಇವೆಲ್ಲವೂ ಅದರ ಅರಿವಿಗೆ ಬರುವುವು. ಕಣ್ಣಿಲ್ಲದ ಮೂಗಿನಂತೆ ಮುಂಗಾಲುಗಳನ್ನು ಎತ್ತಿ ಆಡಿಸುತ್ತ ಅದು ಉಸಿರು ಬಂದ ಕಡೆಗೆ ನಡೆಯುವುದು. ನಾಯಿಯ ರಕ್ತವೇ ಅದಕ್ಕೆ ಇಷ್ಟ. ತೀರ ಹಸಿದಾಗ ಮನುಷ್ಯರನ್ನೂ ಕಚ್ಚುವುದು.

ಇನ್ನು ಕಾಳುವಿನ ಸಾವಿನ ವಿಚಾರಕ್ಕೆ ಬರೋಣ. ರಕ್ತ ಹೀರುವ ಜೀವಿಯೊಂದು ರೋಗವನ್ನು ಹರಡಬಲ್ಲದೆಂಬುದನ್ನು ಸೊಳ್ಳೆಯಿಂದ ಕಲಿತೆವೆಂದು ಅನೇಕರು ತಿಳಿದಿದ್ದಾರೆ. ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯೊಳಗೆ ಮಲೇರಿಯದ ಜೀವಾಣುವನ್ನು ಕಂಡುದು 1897ರಲ್ಲಿ. ಅದಕ್ಕೂ ನಾಲ್ಕು ವರ್ಷ ಮೊದಲು, 1893ರಲ್ಲಿ, ಅಮೆರಿಕದ ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್‌ಬೋರ್ನ್ ಎಂಬವರು ದನಗಳ ಟೆಕ್ಸಾಸ್ ಜ್ವರವನ್ನು ಉಣ್ಣಿಯೇ ಹರಡುವುದೆಂದು ಪ್ರಯೋಗಗಳಿಂದ ತೋರಿಸಿ ವರದಿಯನ್ನು ಪ್ರಕಟಿಸಿದ್ದರು. ಈ ಶಾಸ್ತ್ರದಲ್ಲಿ ಉಣ್ಣಿಯೇ ಸೊಳ್ಳೆಗಿಂತ ಹಿರಿದು!

ನಾಯಿಗಳ ರೋಗದ ಚರಿತ್ರೆಯಲ್ಲಿ ನಮ್ಮ ದೇಶದ ಪಾಲೂ ಸಣ್ಣದಲ್ಲ. 1905ರಲ್ಲಿ ಜೇಮ್ಸ್ ಎಂಬ ವೈದ್ಯಾಧಿಕಾರಿ ಭಾರತದ ನಾಯಿಗಳ ಬಿಳಿಯ ರಕ್ತಕಣಗಳಲ್ಲಿ ಒಂದು ಪರಾವಲಂಬಿಯನ್ನು ವರ್ಣಿಸಿದನು. ಇಂದು ಹೆಪಟೊಜೂನ್ ಕೇನಿಸ್ ಎನಿಸಿದ ಈ ಜೀವಿ ಹರಡುವ ರೀತಿ ವಿಲಕ್ಷಣ: ಉಣ್ಣಿ ಕಚ್ಚಿದರಲ್ಲ, ನಾಯಿಯೇ ಉಣ್ಣಿಯನ್ನು ಕಚ್ಚಿ ನುಂಗಿದರೆ ರೋಗ. 1910ರಲ್ಲಿ ಪ್ಯಾಟನ್ ಎಂಬವನು ಮದರಾಸಿನ ಬೇಟೆನಾಯಿಗಳ ಕೆಂಪು ರಕ್ತಕಣಗಳಲ್ಲಿ ಹೊಸದೊಂದು ಜೀವಾಣುವನ್ನು ಕಂಡನು. ಆಮೇಲೆ ನರಿಗಳಲ್ಲಿಯೂ ಅದು ಸಿಕ್ಕಿತು. ಬೆಬೀಸಿಯ ಗಿಬ್ಸೊನಿ ಎಂಬ ಹೆಸರಿನ ಈ ಜೀವಾಣು ರಕ್ತಕಣವನ್ನು ಒಡೆದು ನಾಯಿಯ ಒಸಡನ್ನು ಬಿಳಿಚಿಸುವುದು. ಆಗ ನಮ್ಮ ಜಿಲ್ಲೆಯೂ ಮದರಾಸು ಆಧಿಪತ್ಯಕ್ಕೇ ಸೇರಿತ್ತೆಂಬುದನ್ನು ನೆನೆದರೆ ಆ ಸಂಶೋಧನೆ ಅಷ್ಟು ದೂರದ್ದೆನಿಸದು.

ಆದರೆ ಕಾಳುವಿನ ಲಕ್ಷಣಗಳು ಹೇಳುವುದು ಇನ್ನೊಂದು ರೋಗವನ್ನು. 1935ರಲ್ಲಿ ಆಲ್ಜೀರಿಯದಲ್ಲಿ ದೊನಾತ್ಯೆನ್ ಮತ್ತು ಲೆಸ್ತೊಕಾರ್ ಎಂಬ ಫ್ರೆಂಚ್ ವಿಜ್ಞಾನಿಗಳು, ಕಂದು ಉಣ್ಣಿ ಮುತ್ತಿದ ನಾಯಿಗಳಲ್ಲಿ ಇಂದು ಎರ್ಲಿಕಿಯ ಕೇನಿಸ್ ಎಂದು ಕರೆಯುವ ಬ್ಯಾಕ್ಟೀರಿಯವನ್ನು ಕಂಡುಹಿಡಿದರು. ಬಹಳ ಕಾಲ ಅದನ್ನು ಯಾರೂ ದೊಡ್ಡದಾಗಿ ಎಣಿಸಲಿಲ್ಲ. 1968ರಿಂದೀಚೆಗೆ ವಿಯೆಟ್ನಾಮಿನ ಯುದ್ಧದಲ್ಲಿ ಅಮೆರಿಕದ ಸೇನೆಯ ನಾಯಿಗಳು, ಮುಖ್ಯವಾಗಿ ಜರ್ಮನ್ ಶೆಫರ್ಡ್‌ಗಳು, ಮೂಗಿನಿಂದ ರಕ್ತ ಸುರಿದು ನೂರಕ್ಕೂ ಮಿಕ್ಕು ಸತ್ತಾಗ ಲೋಕ ಎಚ್ಚೆತ್ತಿತು. ಈ ಬ್ಯಾಕ್ಟೀರಿಯ ಬಿಳಿಯ ರಕ್ತಕಣಗಳಲ್ಲಿ ಮನೆಮಾಡಿ, ರಕ್ತವನ್ನು ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಿರುಫಲಕಗಳನ್ನು ಕುಗ್ಗಿಸುವುದು. ಉಣ್ಣಿ ಕಚ್ಚಿ ಒಂದರಿಂದ ಮೂರು ವಾರಗಳಲ್ಲಿ ಜ್ವರ, ಮಂಕು, ಅನ್ನದ ಮೇಲೆ ಅರುಚಿ. ಕೆಲವು ದಿನಗಳಲ್ಲಿ ಇವೆಲ್ಲ ತಾವಾಗಿಯೇ ಇಳಿಯಲೂಬಹುದು, ಮೋಸವಿರುವುದು ಇಲ್ಲಿಯೇ. ನಾಯಿ ಗುಣವಾಯಿತೆಂದು ಮನೆಯವರು ನಿಶ್ಚಿಂತರಾಗಿರುವಾಗ ರೋಗ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಒಳಗೆ ಅಡಗಿದ್ದು, ಮಜ್ಜೆಯನ್ನೇ ಬತ್ತಿಸಿ, ಕೊನೆಗೆ ಒಂದು ದಿನ ಮೂಗಿನ ರಕ್ತವಾಗಿ ಹೊರಬರುವುದು.

ನೋವಿನ ಮಾತೇನೆಂದರೆ, ಮೊದಲ ಹಂತದಲ್ಲಿ ಇದು ವಾಸಿಯಾಗುವ ರೋಗ. ಡಾಕ್ಸಿಸೈಕ್ಲಿನ್ ಎಂಬ ಸಾಮಾನ್ಯ ಔಷಧವನ್ನು ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ಸುಮಾರು ನಾಲ್ಕು ವಾರ ತಪ್ಪದೆ ಕೊಟ್ಟರೆ ಬಹುತೇಕ ನಾಯಿಗಳು ಉಳಿಯುವುವು. ಮೂರನೆಯ ದಿನ ನಾಯಿ ಬಾಲ ಅಲ್ಲಾಡಿಸಿತೆಂದು ಗುಳಿಗೆ ನಿಲ್ಲಿಸುವುದೇ ದೊಡ್ಡ ತಪ್ಪು. ನಾಯಿಯ ಒಸಡನ್ನು ಆಗಾಗ ನೋಡುವ ಅಭ್ಯಾಸ ಮಾಡಿಕೊಳ್ಳಿರಿ: ಎಳೆಗೆಂಪು ಇರಬೇಕಾದಲ್ಲಿ ಬಿಳುಪೋ, ಸಣ್ಣ ಕೆಂಪು ಚುಕ್ಕೆಗಳೋ ಕಂಡರೆ, ಮೂತ್ರ ಕಾಫಿಯ ಬಣ್ಣಕ್ಕೆ ತಿರುಗಿದರೆ, ಅಂದೇ ಪಶುವೈದ್ಯರಲ್ಲಿಗೆ ಒಯ್ದು ರಕ್ತ ಪರೀಕ್ಷೆ ಮಾಡಿಸಬೇಕು.

ಉಣ್ಣಿಯೆಂದೊಡನೆ ಕೆಲವರಿಗೆ ಮಂಗನ ಕಾಯಿಲೆಯ ಹೆದರಿಕೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವರ್ಕ್, ಟ್ರಾಪಿಡೊ ಮೊದಲಾದವರು ಗುರುತಿಸಿದ ಈ ರೋಗವನ್ನು ಮುಖ್ಯವಾಗಿ ಹರಡುವುದು ಹೀಮಫೈಸಾಲಿಸ್ ಸ್ಪಿನಿಜೆರ ಎಂಬ ಕಾಡಿನ ಉಣುಗು. ಮನೆಯ ಕಂದು ನಾಯಿ ಉಣ್ಣಿಯಲ್ಲ. ಆದ್ದರಿಂದ ಹೆದರಿ ನಾಯಿಯನ್ನು ಬೀದಿಗೆ ಬಿಡಬೇಕಾದ ಕಾರಣವಿಲ್ಲ. ಆದರೆ ನಮ್ಮ ಜಿಲ್ಲೆಯ ಮೂಡಣ ಅಂಚು ಘಟ್ಟದ ಕಾಡು. ಘಟ್ಟದ ಮೇಲೆ ಸಾಗರ ತಾಲೂಕಿನ ಅರಳಗೋಡಿನಲ್ಲಿ 2018ರ ಕೊನೆಯಿಂದ 2019ರವರೆಗೆ ಈ ರೋಗ ಹಬ್ಬಿದಾಗ ಅಲ್ಲಿನ ರೋಗಿಗಳು ಚಿಕಿತ್ಸೆಗೆ ಇಳಿದು ಬಂದದ್ದು ಮಣಿಪಾಲಕ್ಕೆ. ಕಾಡಿಗೆ ಹೋಗಿಬರುವ ದನ, ನಾಯಿಗಳು ಆ ಉಣುಗುಗಳನ್ನೂ ಮೈಮೇಲೆ ಹೊತ್ತು ತರಬಲ್ಲವು. ಕಾರ್ಕಳ, ಹೆಬ್ರಿಗಳ ಕಾಡಂಚಿನವರು ಬೇಸಿಗೆಯಲ್ಲಿ ನಾಯಿಯನ್ನು ಕಾಡಿಗೆ ಬಿಡದಿರುವುದೂ, ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸುವುದೂ ಅವಶ್ಯ.

ಹಾಗಾದರೆ ಮಾಡಬೇಕಾದುದೇನು? ಮೊದಲು, ಮಾಡಬಾರದುದು. ಸೀಮೆಎಣ್ಣೆ ನಾಯಿಯ ಚರ್ಮವನ್ನು ಸುಡುವುದು. ನೆಕ್ಕಿದರೆ ಹೊಟ್ಟೆಗೂ ಶ್ವಾಸಕೋಶಕ್ಕೂ ಅಪಾಯ. ಹೊಗೆಸೊಪ್ಪಿನ ಕಷಾಯದಲ್ಲಿ ನಿಕೋಟಿನ್ ಎಂಬ ವಿಷವಿದೆ. ಸೀತಾಫಲದ ಬೀಜದ ಪುಡಿ ಕಣ್ಣಿಗೆ ಬಿದ್ದರೆ ಕಣ್ಣಿಗೇ ಕೇಡು. ಕಹಿಬೇವಿನ ಎಣ್ಣೆ ಸ್ವಲ್ಪ ಮಟ್ಟಿಗೆ ಉಣ್ಣಿಯನ್ನು ದೂರವಿಟ್ಟೀತು, ಮುತ್ತಿಗೆಯನ್ನು ತೆರವು ಮಾಡಲಾರದು. ಉಣ್ಣಿಗೆ ಬೆಂಕಿಕಡ್ಡಿ ಮುಟ್ಟಿಸುವುದು, ಉಗುರಿನಿಂದ ಹಿಸುಕುವುದು ಎರಡೂ ಕೂಡದು. ಒಡೆದ ಉಣ್ಣಿಯ ರಸದಲ್ಲಿ ಮನುಷ್ಯನಿಗೂ ಟೈಫಸ್ ಜಾತಿಯ ಜ್ವರ ತರುವ ರೋಗಾಣುಗಳಿರಬಹುದು. ಚಿಮಟಿಗೆಯಿಂದ ಚರ್ಮಕ್ಕೆ ತೀರ ಹತ್ತಿರದಲ್ಲಿ ಹಿಡಿದು, ತಿರುಚದೆ, ನೇರವಾಗಿ ನಿಧಾನವಾಗಿ ಎಳೆಯಬೇಕು; ಸ್ಪಿರಿಟ್ಟಿನ ಸೀಸೆಗೆ ಹಾಕಬೇಕು. ಈ ಒಂದು ವಿಷಯದಲ್ಲಿ ಅಜ್ಜನ ಗೆರಟೆಯ ಪದ್ಧತಿ ಸರಿಯಾಗಿಯೇ ಇತ್ತು, ಜಾರಿದವನ್ನು ಬಿಡದಿದ್ದರೆ.

ಔಷಧಗಳ ವಿಚಾರದಲ್ಲಿ ಈ ಕಾಲ ಭಾಗ್ಯಶಾಲಿ. ಬೆನ್ನಿಗೆ ಹನಿಸುವ ಫಿಪ್ರೊನಿಲ್, ತಿಂಗಳುಗಟ್ಟಲೆ ಕೆಲಸ ಮಾಡುವ ಔಷಧದ ಕೊರಳಪಟ್ಟಿ, 2013–14ರ ಹೊತ್ತಿಗೆ ಬಳಕೆಗೆ ಬಂದ ಅಫಾಕ್ಸೊಲೇನರ್, ಫ್ಲುರಾಲೇನರ್ ಎಂಬ ತಿನ್ನಿಸುವ ಗುಳಿಗೆಗಳು ಇವೆ. ಗುಳಿಗೆಗಳಲ್ಲಿ ಮೊದಲನೆಯದು ಒಂದು ತಿಂಗಳು, ಎರಡನೆಯದು ಸುಮಾರು ಹನ್ನೆರಡು ವಾರ ರಕ್ತದಲ್ಲಿ ಉಳಿದು, ಕಚ್ಚಿದ ಉಣ್ಣಿಯನ್ನು ಕೊಲ್ಲುವುವು. ಅಪಸ್ಮಾರವುಳ್ಳ ನಾಯಿಗೆ ಇವನ್ನು ಕೊಡುವ ಮುನ್ನ ವೈದ್ಯರಿಗೆ ತಿಳಿಸಲೇಬೇಕು. ದನಗಳಿಗೆಂದು ತಂದ ಔಷಧವನ್ನು ಅಂದಾಜಿನಿಂದ ನಾಯಿಗೆ ಬಳಿಯುವ ರೂಢಿ ನಮ್ಮಲ್ಲಿದೆ. ಬೆಕ್ಕುಳ್ಳ ಮನೆಯಲ್ಲಂತೂ ಇದು ತೀರ ಅಪಾಯ. ಪರ್ಮೆತ್ರಿನ್ ಜಾತಿಯ ಔಷಧ ಬೆಕ್ಕಿಗೆ ಪ್ರಾಣಾಂತಿಕ. ಮೀನಿಗೂ ಹಾಗೆಯೇ. ಬಾವಿಕಟ್ಟೆಯ ಬಳಿ ನಾಯಿ ತೊಳೆದ ನೀರು ಬಾವಿಗೋ ತೋಡಿಗೋ ಇಳಿಯದಂತೆ ನೋಡಿಕೊಳ್ಳಬೇಕು. ಐವರ್ಮೆಕ್ಟಿನ್ ಚುಚ್ಚುಮದ್ದನ್ನು ಕೇಳಿ ಹಾಕಿಸಿಕೊಳ್ಳುವವರೂ ಇದ್ದಾರೆ. ಮಣ್ಣಿನ ಸೂಕ್ಷ್ಮಜೀವಿಯಿಂದ ಬಂದ ಈ ಔಷಧಕ್ಕಾಗಿ ಓಮುರ ಮತ್ತು ಕ್ಯಾಂಬೆಲ್ ಅವರಿಗೆ 2015ರಲ್ಲಿ ನೊಬೆಲ್ ಬಹುಮಾನ ಬಂದದ್ದು ನಿಜ. ಆದರೆ ಕೋಲಿ ಮುಂತಾದ ಕೆಲವು ತಳಿಗಳ ಮೆದುಳಿಗೆ ಅದು ವಿಷವಾಗುವುದೂ ಅಷ್ಟೇ ನಿಜ.

ಯಾವ ಔಷಧವನ್ನೇ ಆರಿಸಲಿ, ಲೆಕ್ಕ ಒಂದೇ. ಗೋಡೆಯ ಸಂದಿಯಲ್ಲಿ ಈ ದಿನ ತತ್ತಿಯಾಗಿರುವುದು ಇನ್ನು ಒಂದು ತಿಂಗಳ ಮೇಲೆ ಮರಿಯಾಗಿ ನಾಯಿಯನ್ನೇರುವುದು, ಎಳೆಯುಣ್ಣಿಯಾಗಿರುವುದು ಅದಕ್ಕಿಂತ
ಮೊದಲೇ ಬರುವುದು. ಆದುದರಿಂದ ಔಷಧವು ನಾಯಿಯ ಮೈಯಲ್ಲಿ ಕನಿಷ್ಠ ಮೂರು ನಾಲ್ಕು ತಿಂಗಳು ಬಿಡುವಿಲ್ಲದೆ ಇರಬೇಕು. ಒಂದು ಸಲ ಹಾಕಿ, ಉಣ್ಣಿ ಉದುರಿತೆಂದು ನಿಲ್ಲಿಸಿದವರು ಎರಡು ತಿಂಗಳಲ್ಲಿ “ಔಷಧ ಪ್ರಯೋಜನವಿಲ್ಲ” ಎಂದು ಅಂಗಡಿಯವನನ್ನು ಬೈಯುವುದನ್ನು ಕೇಳಿದ್ದೇನೆ. ಔಷಧ ತನ್ನ ಕೆಲಸ ಮಾಡಿತ್ತು. ಹೊಸದಾಗಿ ಬಂದವು ಗೋಡೆಯವು. ಮನೆಯಲ್ಲಿ ಮೂರು ನಾಯಿಗಳಿದ್ದರೆ ಮೂರಕ್ಕೂ ಒಂದೇ ದಿನ ಔಷಧವಾಗಬೇಕು.

ನಾಯಿಗೆ ಔಷಧ ಹಾಕಿದ ದಿನವೇ ಗೋಡೆಯ ಕೆಲಸವೂ ಮೊದಲಾಗಬೇಕು. ನಾಯಿ ಮಲಗುವ ಗೋಣಿಯನ್ನು ಕುದಿನೀರಿನಲ್ಲಿ ಅದ್ದಿ ವಾರಕ್ಕೊಮ್ಮೆ ಒಗೆಯಿರಿ. ಗೂಡನ್ನು ಪಾಗಾರದಿಂದ ದೂರವಿಡಿರಿ. ನಾಯಿ ಒರಗುವ ಮುರಕಲ್ಲಿನ ಗೋಡೆಗೆ, ಆಳೆತ್ತರದವರೆಗಾದರೂ ಸರಿ, ಗಿಲಾವು ಮಾಡಿಸಿರಿ; ಒಮ್ಮೆಯ ಖರ್ಚು, ಹಲವು ವರ್ಷದ ನೆಮ್ಮದಿ. ಬಿರುಕುಗಳಿಗೆ ಕೀಟನಾಶಕ ಸಿಂಪಡಿಸುವುದಾದರೆ ತಿಳಿದವರಿಂದ ಮಾಡಿಸಿ, ಎರಡು ಮೂರು ವಾರ ಬಿಟ್ಟು ಮತ್ತೊಮ್ಮೆ ಮಾಡಿಸಬೇಕು. ಮಣಿಪಾಲದ ವಿದ್ಯಾರ್ಥಿನಿಲಯಗಳ ಸುತ್ತ ಬೀದಿನಾಯಿಗಳಿಗೆ ಅನ್ನ ಹಾಕುವ ಹುಡುಗ ಹುಡುಗಿಯರು, ಅನ್ನದೊಡನೆ ಪಶುವೈದ್ಯರನ್ನು ಕೇಳಿ ಉಣ್ಣಿಯ ಗುಳಿಗೆಯನ್ನೂ ಕೊಡುವ ಏರ್ಪಾಡು ಮಾಡಿಕೊಂಡರೆ, ರಜೆ ಮುಗಿಸಿ ಬಂದಾಗ ತಮ್ಮ ನಾಯಿ ಅಲ್ಲಿಯೇ ಇರುವುದನ್ನು ಕಂಡಾರು.

ಉಣ್ಣಿ ಹುಡುಕುವಾಗ ಬೆನ್ನನ್ನು ಸವರಿ ಬಿಟ್ಟರೆ ಸಾಲದು. ಕಿವಿಯ ಒಳಮಡಿಕೆ, ಕಾಲ್ಬೆರಳ ಸಂದು, ಕಂಕುಳು, ಬಾಲದ ಬುಡ, ಕಣ್ಣಿನ ರೆಪ್ಪೆಯ ಅಂಚು, ಇವು ಅದರ ಮೆಚ್ಚಿನ ಜಾಗಗಳು. ಕೊನೆಯದಾಗಿ ಕೊರಳಪಟ್ಟಿಯನ್ನು ಬಿಚ್ಚಿ ಅದರ ಅಡಿಯಲ್ಲಿಯೂ ನೋಡಿರಿ. ನಮ್ಮ ಕಾಳುವಿನ ಪಟ್ಟಿಯನ್ನು ಒಮ್ಮೆಯೂ ಯಾರೂ ಬಿಚ್ಚಿದುದು ನನಗೆ ನೆನಪಿಲ್ಲ.